ಎಡಗಡೆಯ ಸೀಟು

ಕೊಯಮತ್ತೂರಿನಿಂದ ಬಂದವರು ಮೂವರು, ಒಂದು ಫೈಲು.
ಯೆಯ್ಯಾಡಿಯ ನಮ್ಮ ಶೆಡ್ಡಿನಲ್ಲಿ ಕೂರಲಿಕ್ಕೆ ಕುರ್ಚಿ ಇಲ್ಲ,
ಕಾರಿಗೆ ಕೂಡಿಸಬೇಕಾದ ಸೀಟುಗಳ ಮೇಲೆಯೇ ಕೂತರು.
ನಾನು ಹೊಲಿದದ್ದು. ಅಂಟು ಇನ್ನೂ ಆರಿರಲಿಲ್ಲ.

ವರ್ಷಕ್ಕೆ ಏಳು ಕಾರು ಕಟ್ಟುವವರು ನಾವು:
ಬೊನವೆಂಚರ್ ಲಸ್ರಾದೊ, ಪೇಂಟಿನ ಐತಪ್ಪಣ್ಣ,
ಎಂಜಿನು ಬಿಚ್ಚುವ ಹುಡುಗರಿಬ್ಬರು,
ಹೊಲಿಗೆಗೆ ಮೈಮೂನ, ಅಂದರೆ ನಾನು.
ನೆಲಕ್ಕೆ ಹೊಟ್ಟೆ ಒತ್ತಿ ಮಲಗಿದ ಉಡದ ಹಾಗೆ ಕಾಣುವ ಕಾರು,
ನಾಲ್ಕು ಎಣಿಸುವುದರೊಳಗೆ ನೂರು ಮುಟ್ಟುತ್ತದೆ.

ಇಂಥ ಎಂಜಿನು ಇಟ್ಟುಕೊಂಡು ಸುಮ್ಮನೆ ಕೂರುವುದೇ,
ಲೋಕದ ದೊಡ್ಡ ರೇಸಿಗೆ ಬರಬಾರದೇ,
ದುಡ್ಡು ನಾವು ತರುತ್ತೇವೆ, ಹೆಸರು ನಿಮ್ಮದು,
ಎಂದು ಅರ್ಧ ತಮಿಳು ಅರ್ಧ ಇಂಗ್ಲಿಷಿನಲ್ಲಿ ಫೈಲು ತೆರೆದರು.

ಲಸ್ರಾದೊ ಬೇಸ್ಟಿನಲ್ಲಿ ಕೈ ಒರೆಸುತ್ತಲೇ ಇದ್ದರು.
ಗೆದ್ದರೆ ಓಡಿಸಿದವ ಗೆದ್ದ,
ಸೋತರೆ ಗಾಡಿ ಸೋತಿತು, ಅಲ್ಲವಾ?
ಮೂಗಿಗೆ ಸಿಕ್ಕಿಸುವ ಒಂದು ರೆಕ್ಕೆಯ ದುಡ್ಡಿನಲ್ಲಿ
ಈ ಶೆಡ್ಡಿಗೆ ಹೊಸ ಮಾಡು ಬಂದೀತು,
ಆ ರೆಕ್ಕೆ ಬರುವ ವರ್ಷ ಗುಜರಿ.
ಮತ್ತೆ, ನಿಮ್ಮ ಕಾರಿಗೆ ಹಾರ್ನ್ ಉಂಟಾ?
ಇಲ್ಲ ಎಂದರು.
ಹಾಗಾದರೆ ಹಂಪನಕಟ್ಟೆಯಲ್ಲಿ ಎಂತ ಮಾಡುವುದು ಮಾರಾಯ್ರೆ?

ಮೂವರೂ ನಕ್ಕರು. ಇವರು ನಗಲಿಲ್ಲ.
ಚಹಾ ಬಂತು, ಗೋಳಿಬಜೆ ಬಂತು.
ಸೀಟಿನ ಮೇಲೆ ಎಣ್ಣೆಯ ಎರಡು ಬೆರಳು
ಹಾಗೇ ಉಳಿಯಿತು, ಅವರು ಹೋದರು.

ಕಾರಣ ಅದಲ್ಲ ಎಂದ ಐತಪ್ಪಣ್ಣ, ಸಂಜೆ,
ಮಾಸ್ಕು ಇಳಿಸಿ, ಕೆಂಪು ಹುಡಿ ಕೂತ ಹುಬ್ಬು ಉಜ್ಜುತ್ತ.
ಇವರ ಅಪ್ಪ ಉಡುಪಿ ಲೈನಿನ ಎಕ್ಸ್‌ಪ್ರೆಸ್ಸಿನ ಡ್ರೈವರು.
ಪಡುಬಿದ್ರಿಯಲ್ಲಿ ಟೈಮ್ ಕೀಪರನ ಪುಸ್ತಕ,
ಒಂದು ನಿಮಿಷ ತಡವಾದರೆ ಇಷ್ಟು ದಂಡ,
ಹಿಂದಿನ ಬಸ್ಸು ಮುಂದಾದರೆ ಕಲೆಕ್ಷನ್ನೇ ಇಲ್ಲ.
ಹೆಜಮಾಡಿಯ ಸ್ಟಾಪಿನಲ್ಲಿ ದಿನವೂ ಮಧ್ಯಾಹ್ನ
ಬುತ್ತಿ ಹಿಡಿದು ನಿಲ್ಲುತ್ತಿದ್ದ ಹುಡುಗ,
ಒಂದು ದಿನ ಕೈ ಎತ್ತಿದ.
ಹಿಂದೆ ಇನ್ನೊಂದು ಬಸ್ಸಿನ ಹಾರ್ನ್.
ಅಪ್ಪನ ಮುಖ ಗಾಜಿನಲ್ಲಿ ಕಂಡಿತು,
ಬಸ್ಸು ನಿಲ್ಲಲಿಲ್ಲ.
ಧೂಳು ಇಳಿಯುವ ತನಕ ಕೈ ಮೇಲೆಯೇ ಇತ್ತಂತೆ.

ಹೌದೋ ಅಲ್ಲವೋ. ಐತಪ್ಪಣ್ಣನ ಮಾತಿಗೆ
ಯಾವಾಗಲೂ ಮೂರು ಕೋಟು ಬಣ್ಣ.
ಆದರೆ ನಾನೂ ಬಸ್ಸಿನ ಸೀಟು ಹೊಲಿದವಳು,
ಬಾಡಿ ಕಟ್ಟುವಲ್ಲಿ ಒಂಬತ್ತು ವರ್ಷ.
ಓಟಕ್ಕೆ ಬಿದ್ದ ಗಾಡಿ ಮೊದಲು ಬಿಟ್ಟು ಹೋಗುವುದು
ಹಿಂದಿನ ಗಾಡಿಯನ್ನಲ್ಲ,
ಬದಿಯಲ್ಲಿ ನಿಂತವರನ್ನು. ಅದು ನನಗೆ ಗೊತ್ತು.

ಆ ಫೈಲಿನ ಚಿತ್ರ ನಾನೂ ಇಣುಕಿ ನೋಡಿದ್ದೆ.
ಒಂದೇ ಸೀಟು.
ಒಬ್ಬನ ಬೆನ್ನಿನ ಅಚ್ಚು ತೆಗೆದು ಮಾಡಿದ್ದು,
ಬೇರೆ ಯಾರು ಕೂತರೂ ಪಕ್ಕೆಲುಬಿಗೆ ಒತ್ತುತ್ತದೆ.
ಅದರಲ್ಲಿ ನನಗೆ ಎಂತ ಕೆಲಸ?

ನಮ್ಮದರಲ್ಲಿ ಎರಡು. ಬಲಗಡೆಯದ್ದು ಕೊಳ್ಳುವವನಿಗೆ,
ಅವನ ಸೊಂಟ, ತೊಡೆಯ ಉದ್ದ, ಎಲ್ಲ ಬರೆದು ಕಳಿಸಿರುತ್ತಾನೆ.
ಎಡಗಡೆಯದ್ದಕ್ಕೆ ಅಳತೆ ಕೇಳಿದರೆ
ಲಸ್ರಾದೊ ಪ್ರತಿಸಲ ಒಂದೇ ಮಾತು:
ಯಾರಾದರೂ ಕೂತಾರು, ಸ್ವಲ್ಪ ಸಡಿಲ ಬಿಡು.

ಶುಕ್ರವಾರ ಟೆಸ್ಟಿಗೆ ತಾವೇ ಒಯ್ಯುತ್ತಾರೆ,
ಬೆಳಕು ಹರಿಯುವ ಮೊದಲು, ಕೂಳೂರು ಸಂಕ ದಾಟಿ,
ಸುರತ್ಕಲ್, ಮುಕ್ಕ, ಅದರಾಚೆ ಎಲ್ಲಿಯ ವರೆಗೋ.
ಎಂಟು ಗಂಟೆಗೆ ತಿರುಗಿ ಬರುವಾಗ
ಮೀಟರಿನ ಲೆಕ್ಕವನ್ನು ಹುಡುಗರು ಬರೆದುಕೊಳ್ಳುತ್ತಾರೆ.
ನಾನು ಎಡದ ಬಾಗಿಲು ತೆರೆಯುತ್ತೇನೆ.
ಒಮ್ಮೆ ಮಲ್ಲಿಗೆಯ ಒಂದು ಮೊಗ್ಗು, ಬಾಳೆನಾರು,
ಒಮ್ಮೆ ಒದ್ದೆ ಕೊಡೆ ಒರಗಿಸಿದ ಗುರುತು,
ಯಾವುದೋ ಮಗು ಚೀಪಿ ಬಿಟ್ಟ ಬಿಸ್ಕೂಟು.

ಇವತ್ತು ಬಂಗುಡೆಯ ನೀರು.
ಬಿಳಿ ಚರ್ಮ, ಇಟಲಿಯದ್ದು, ಗಜಕ್ಕೆ ಎಷ್ಟೆಂದು ಕೇಳಬೇಡಿ,
ಬುಟ್ಟಿಯ ಅಡಿಯ ಗುಂಡಗಿನ ಕಲೆ.
ನಾಡಿದ್ದು ಪುಣೆಯವರು ಬರುತ್ತಾರೆ ಒಯ್ಯಲಿಕ್ಕೆ.

ಬೈಯುತ್ತ ಲಿಂಬೆ ಹಿಂಡಿ ಉಜ್ಜುತ್ತೇನೆ.
ಅವರು ಅತ್ತ ಮುಖ ಮಾಡಿ
ಸ್ಪ್ಯಾನರ್ ಹುಡುಕುತ್ತಾರೆ, ಕೈಯಲ್ಲೇ ಉಂಟು.